ಕಲ್ಲು ಆರಿಸದ ಗಾಳಿ

ತರ್ಹೇಲಿಯಾ ಯುಕಿಲೆಮಾ ಹನ್ನೊಂದು ವರ್ಷದಿಂದ ರಿಯೊಬಾಂಬಾ ಪಟ್ಟಣದ ಜ್ವಾಲಾಮುಖಿ ಬೂದಿ ಮುನ್ಸೂಚನೆ ಕಚೇರಿಯಲ್ಲಿದ್ದಾಳೆ. ಅವಳ ಕೆಲಸ ಒಂದೇ, ಗಾಳಿಯನ್ನು ಹಿಂಡಿ ಚಿಕ್ಕದು ಮಾಡುವುದು. ಬೆಳಗಾದರೆ ಹೊರದೇಶದಿಂದ ಗಾಳಿಯ ಅಂಕಿಗಳು ಬರುತ್ತವೆ: ಯಾವ ಎತ್ತರದಲ್ಲಿ, ಯಾವ ಕಡೆಗೆ, ಎಷ್ಟು ವೇಗ. ಪೂರ್ವಕ್ಕೆ ಬೀಸಿದರೆ ಪ್ಲಸ್, ಪಶ್ಚಿಮಕ್ಕೆ ಬೀಸಿದರೆ ಮೈನಸ್. ಅಷ್ಟೂ ಹಿಡಿಸುವ ಜಾಗ ಅಲ್ಲಿನ ಹಳೆಯ ಕಂಪ್ಯೂಟರಿನಲ್ಲಿಲ್ಲ. ಅದಕ್ಕೆ ಒಂದೊಂದು ಪದರದಲ್ಲೂ ಅತಿ ಚಿಕ್ಕ ಅಂಕಿ, ಅತಿ ದೊಡ್ಡ ಅಂಕಿ ಹುಡುಕಿ, ನಡುವಿನ ಅಂತರವನ್ನು ಇನ್ನೂರೈವತ್ತೈದು ಮೆಟ್ಟಿಲು ಮಾಡಿ, ಪ್ರತಿ ಅಂಕಿಯನ್ನೂ ಹತ್ತಿರದ ಮೆಟ್ಟಿಲಿಗೆ ಕೂರಿಸುತ್ತಾಳೆ.

ಬೆಟ್ಟದೊಳಗೆ ಗಾಳಿಯಿಲ್ಲ. ಆ ಜಾಗಗಳಿಗೆ ಕಳಿಸುವವರು ಮೈನಸ್ 9999 ಎಂದು ಗುರುತು ಹಾಕುತ್ತಾರೆ. ಕಚೇರಿಯವರು ಅದನ್ನು ಕಲ್ಲು ಎನ್ನುತ್ತಾರೆ. ಹಿಂಡುವ ಮೊದಲು ಕಲ್ಲು ಆರಿಸಬೇಕು; ಅದಕ್ಕೆ ಅವಳು ಕಂಪ್ಯೂಟರಿನಲ್ಲೇ ಒಂದು ಜರಡಿ ಬರೆದಿಟ್ಟಿದ್ದಾಳೆ.

ಆ ಮಂಗಳವಾರ ಸಂಗಾಯ್ ಜ್ವಾಲಾಮುಖಿ ಬೂದಿ ಉಗುಳುತ್ತಿತ್ತು. ಎಂಟು ಗಂಟೆಗೆ ಹಳ್ಳಿಯಿಂದ ತಂಗಿ ಡೆಲ್ಫಿನಾ ಫೋನ್ ಮಾಡಿದಳು.

"ಅಕ್ಕಾ, ಹಸು ಮೇಲಕ್ಕೆ ಹೊಡೀಲೋ ಬೇಡ್ವೋ?"

"ಹೊಡಿ. ಬೂದಿ ಪೂರ್ವಕ್ಕೆ, ಕಾಡಿನ ಕಡೆ ಹೋಗುತ್ತೆ."

ಡೆಲ್ಫಿನಾಗೆ ಇರುವುದೇ ಒಂಬತ್ತು ಹಸು. ಹಿಂದೊಮ್ಮೆ ಬೂದಿ ಬಿದ್ದ ಹುಲ್ಲು ತಿಂದು ಎರಡು ಸತ್ತಿದ್ದವು.

ಫೋನ್ ಇಟ್ಟ ಮೇಲೆ ತರ್ಹೇಲಿಯಾಗೆ ಕೂರಲಾಗಲಿಲ್ಲ. ಕಿಟಕಿಗೆ ಹೋದಳು, ಬಂದಳು, ಮತ್ತೆ ಹೋದಳು.

"ಏನಮ್ಮಾ, ಕುರ್ಚಿಯಲ್ಲಿ ಮುಳ್ಳಿದೆಯಾ?" ಬೇಯಿಸಿದ ಜೋಳ ಮೆಲ್ಲುತ್ತಾ ಮೇಲಧಿಕಾರಿ ಅಸ್ತುದಿಯೊ ಕೇಳಿದರು. "ನೆಲ ಸವೆದೀತು."

"ಈ ನಕ್ಷೆ ನೋಡಿ, ಇಂಜಿನಿಯರ್ರೇ. ಬೂದಿ ಗೆರೆ ಎಳೆದ ಹಾಗೆ ನೆಟ್ಟಗೆ ಹೋಗ್ತಿದೆ. ನಮ್ಮೂರಿನ ಗಾಳಿ ಯಾವತ್ತು ನೆಟ್ಟಗಿತ್ತು?"

"ಊರಿನವರೇ ನೆಟ್ಟಗಿಲ್ಲ, ಇನ್ನು ಗಾಳಿ!" ಎಂದು ಅವರು ನಕ್ಕರು.

ಅವಳು ನಗಲಿಲ್ಲ. ಹಿಂಡಿದ ಅಂಕಿಗಳನ್ನು ಬಿಡಿಸಿ ನೋಡಿದಳು. ಐದು ಸಾವಿರ ಮೀಟರ್ ಎತ್ತರದ ಪದರದಲ್ಲಿ ಹೆಚ್ಚುಕಡಿಮೆ ಎಲ್ಲಿ ನೋಡಿದರೂ ಒಂದೇ ಅಂಕಿ, 9.3. ಬೆಳಿಗ್ಗೆ ಬಂದ ಮೂಲ ಅಂಕಿಗಳನ್ನು ತೆರೆದಳು. ಕಳಿಸುವವರು ಈ ಸಲ ಗುರುತಿನ ಮೈನಸ್ ಬಿಟ್ಟು ಬರೀ 9999 ಎಂದು ಹಾಕಿದ್ದರು. ಮೈನಸ್ ಇದ್ದ ಕಲ್ಲನ್ನಷ್ಟೇ ಬಲ್ಲ ಅವಳ ಜರಡಿ ಇದನ್ನು ಒಳಗೆ ಬಿಟ್ಟಿತ್ತು. ದಿನವೂ ಅತಿ ದೊಡ್ಡ ಅಂಕಿಯನ್ನು ಕಣ್ಣಾರೆ ನೋಡುತ್ತಿದ್ದವಳು ಇವತ್ತು ಅವಸರದಲ್ಲಿ ನೋಡಿರಲಿಲ್ಲ. ಆ 9999 ಅತಿ ದೊಡ್ಡ ಅಂಕಿಯಾಗಿ ಕೂತು, ಕಾಲು ಮೀಟರಿನ ಮೆಟ್ಟಿಲು ಮೂವತ್ತೊಂಬತ್ತು ಮೀಟರಾಗಿತ್ತು. ಸೆಕೆಂಡಿಗೆ ಎಂಟು ಮೀಟರ್ ವೇಗದಲ್ಲಿ ಪಶ್ಚಿಮಕ್ಕೆ ಬೀಸುತ್ತಿದ್ದ ಗಾಳಿ, ಅಂದರೆ ಮೈನಸ್ ಎಂಟು, ಹತ್ತಿರದ ಮೆಟ್ಟಿಲು ಹುಡುಕಿಕೊಂಡು ಪ್ಲಸ್ 9.3ಕ್ಕೆ ಹೋಗಿ ಪೂರ್ವಕ್ಕೆ ತಿರುಗಿ ನಿಂತಿತ್ತು.

ಪಶ್ಚಿಮದಲ್ಲಿ ಡೆಲ್ಫಿನಾಳ ಹುಲ್ಲುಗಾವಲು.

ಫೋನ್ ಮಾಡಿದಳು. ಹತ್ತಲಿಲ್ಲ. ಮೇಲಿನ ಹುಲ್ಲುಗಾವಲಿನಲ್ಲಿ ಸಿಗ್ನಲ್ ಸಿಗುವುದಿಲ್ಲ, ದನ ಕಾಯುವವರು ಒಯ್ಯುವ ರೇಡಿಯೊ ಒಂದೇ ಗತಿ.

"ಮಧ್ಯಾಹ್ನದ ವರದಿಯಲ್ಲಿ ಸರಿ ಮಾಡಿದ್ರಾಯ್ತು," ಎಂದರು ಅಸ್ತುದಿಯೊ. "ಈಗ್ಲೇ ತಪ್ಪು ಅಂದ್ರೆ ನಾಳೆ ನಮ್ಮ ಮಾತು ಯಾರು ಕೇಳ್ತಾರೆ, ತಾಯಿ?"

"ನಾಳೆ ಹಸು ಉಳಿದಿದ್ರೆ ತಾನೆ ಕೇಳೋದು?"

ಅವರು ಅಗಿಯುವುದನ್ನು ನಿಲ್ಲಿಸಿದರು. ಆಮೇಲೆ ಮೈಕನ್ನು ಅವಳ ಕಡೆ ತಳ್ಳಿದರು.

ಅವಳು ಹಳ್ಳಿಯವರ ಕಿಚ್ವಾ ಮಾತಿನಲ್ಲಿ ಹೇಳಿದಳು: "ಬೆಳಗಿನ ವರದಿಯಲ್ಲಿ ಹೇಳಿದ್ದು ತಪ್ಪು. ತಪ್ಪು ನನ್ನದು, ತರ್ಹೇಲಿಯಾಳದು. ಬೂದಿ ನಿಮ್ಮ ಕಡೆಗೇ ಬರ್ತಿದೆ. ಹಸುಗಳನ್ನ ಕೆಳಗಿಳಿಸಿ." ಮೂರು ಸಲ ಹೇಳಿದಳು.

ಎರಡು ಗಂಟೆ ಕಳೆದ ಮೇಲೆ ಫೋನ್ ಬಂತು.

"ಏಳು ಕೊಟ್ಟಿಗೆ ಸೇರಿದ್ವು. ಎರಡು ಆಚೆ ದಿನ್ನೆ ಮೇಲಿವೆ," ಡೆಲ್ಫಿನಾ ಏದುಸಿರು ಬಿಡುತ್ತಿದ್ದಳು. "ಬೂದಿ ಶುರುವಾಯ್ತು. ಅಕ್ಕಾ, ಇನ್ಮೇಲೆ ನೀನು ಒಂದು ಸಲ ಹೇಳಿದ್ರೆ ಸಾಕಾ, ಎರಡು ಸಲ ಕೇಳ್ಬೇಕಾ?"

"ಎರಡು ಸಲ ಕೇಳು."

"ಸರಿ," ಎಂದು ತಂಗಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ದಿನ್ನೆಯ ಕಡೆ ಹೊರಟಳು.