ಕೈ ನೋಡಿ ಮನೆಗೆ ಕಳಿಸುವ ರಿಬ್ಬನ್ ಅಕ್ಕ

ಬೆಳಗಿನ ಐದೂಕಾಲು. ಕಡಲ ತೀರದ ಗೇಟಿಗೆ ಇನ್ನೂ ಬೀಗ ಇದೆ. ಪಕ್ಕದ ಸಂದಿಯಿಂದ ಒಳಗೆ ಬಂದ ಹೆಂಗಸೊಬ್ಬರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಒದ್ದೆ ಮರಳಿನ ಮೇಲೆ ನಡೆಯುತ್ತಿದ್ದಾರೆ. ಸ್ವಲ್ಪ ದೂರ ಹೋಗಿ ನಿಲ್ಲುತ್ತಾರೆ, ನೀರನ್ನು ನೋಡುತ್ತಾರೆ, ಮತ್ತೆ ನಡೆಯುತ್ತಾರೆ. ಅಲೆ ಒಡೆಯುವ ಬಿಳಿ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ದಡದಲ್ಲಿ ಒಂದು ಕೆಂಪು ಕೋಲು ನೆಡುತ್ತಾರೆ. ನೊರೆಯಿಲ್ಲದೆ ತಣ್ಣಗೆ ಕಾಣುವ ಆ ಜಾಗವೇ ಕಾಲು ಹಿಡಿದು ಎಳೆಯುವ ಜಾಗ. ಗೊತ್ತಿಲ್ಲದವರು ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ.

ಕೋಲು ನೆಟ್ಟಾದ ಮೇಲೆ ಗೇಟಿನ ಪಕ್ಕದ ತಗಡಿನ ಶೆಡ್ಡಿಗೆ ಬಂದು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಉಬ್ಬರ ಎಷ್ಟು ಹೊತ್ತಿಗೆ, ಸಣ್ಣ ಮಕ್ಕಳು ಎಲ್ಲಿ ಆಡಬಹುದು, ಹನ್ನೊಂದರ ಮೇಲೆ ನೆರಳು ಯಾವ ಕಡೆ ಬೀಳುತ್ತದೆ. ಓದುವವರು ಕಡಿಮೆ ಎಂದು ಅವರಿಗೂ ಗೊತ್ತು. "ಬರೆದ್ರೆ ಓದಲ್ಲ. ಬರೀದೇ ಇದ್ರೆ ಯಾಕೆ ಬರೆದಿಲ್ಲ ಅಂತ ಕೇಳ್ತಾರೆ," ಎನ್ನುತ್ತಾರೆ, ನಗದೆ.

ಇವರನ್ನು ಇಲ್ಲಿ ಎಲ್ಲರೂ ರಿಬ್ಬನ್ ಅಕ್ಕ ಎಂದೇ ಕರೆಯುವುದು. ವಯಸ್ಸು ನಲವತ್ತೆಂಟು. ಬೇಸಿಗೆಯ ಮೂರು ತಿಂಗಳು ಮಾತ್ರ ಕೆಲಸ. ತೀರಕ್ಕೆ ಬರುವ ಪ್ರತಿಯೊಂದು ಕುಟುಂಬದ ಪ್ರತಿಯೊಬ್ಬರ ಮಣಿಕಟ್ಟಿಗೂ ಒಂದು ಬಟ್ಟೆಯ ಪಟ್ಟಿ ಕಟ್ಟುವುದು, ಸಂಜೆ ಅವರು ಹೊರಗೆ ಹೋಗುವಾಗ ಅದನ್ನು ತಮ್ಮ ಕೈಯಿಂದಲೇ ಕತ್ತರಿಸಿ ತೆಗೆಯುವುದು. ಪಟ್ಟಿಯ ಮೇಲೆ ಕುಟುಂಬಕ್ಕೊಂದು ನಂಬರು. ಎಷ್ಟು ಜನ, ಯಾರ ಫೋನು, ಎಲ್ಲ ಒಂದು ಉದ್ದನೆಯ ಪುಸ್ತಕದಲ್ಲಿ. ಸಂಜೆ ಆರೂವರೆಗೆ ಪುಸ್ತಕದ ಎಲ್ಲ ಸಾಲುಗಳ ಮುಂದೆ ಗುರುತು ಬಿದ್ದರೆ ಮಾತ್ರ ಗೇಟಿಗೆ ಬೀಗ. ವಾರದ ದಿನಗಳಲ್ಲಿ ಇನ್ನೂರು ಕೈ, ಭಾನುವಾರ ಒಂಬೈನೂರು.

ಪಟ್ಟಿಗಳು ತಯಾರಾಗುವುದು ಅವರ ಮನೆಯಲ್ಲಿ. ಒಂದು ಕೋಣೆ, ಒಂದು ಅಡುಗೆಮೂಲೆ, ರಸ್ತೆಗೆ ತೆರೆಯುವ ಒಂದು ಕಿಟಕಿ. ಲಾಡ್ಜಿನವರು ಬಿಸಾಡುವ ಹಳೆಯ ಹಾಸಿಗೆ ಬಟ್ಟೆಗಳನ್ನು ತಂದು ಉದ್ದಕ್ಕೆ ಹರಿದು, ಬಕೆಟ್ಟಿನಲ್ಲಿ ಬಣ್ಣ ಕಲಸಿ ಅದ್ದಿ, ಕಿಟಕಿಯ ಸರಳುಗಳಿಗೆ ಒಣಹಾಕುತ್ತಾರೆ. ಕತ್ತರಿಸಿದಾಗಲೆಲ್ಲ ಪಟ್ಟಿ ಗಿಡ್ಡವಾಗುತ್ತದೆ. ಮೊದಲು ದೊಡ್ಡವರ ಕೈಗೆ ಕಟ್ಟಿದ್ದು ಮುಂದಿನ ವಾರ ಮಕ್ಕಳ ಕೈಗೆ, ಕೊನೆಗೆ ಕೂಸಿನ ಕೈಗೆ. ಕೂಸಿನ ಪಟ್ಟಿಯ ಮೇಲೆ ಗೀಟು ಹೊಡೆದ ಎರಡು ಹಳೆಯ ನಂಬರುಗಳಿರುತ್ತವೆ. ಗಂಡ ಲಾರಿಗಳಿಗೆ ಟಾರ್ಪಾಲು ಹೊಲಿಯುತ್ತಾರೆ. ಕತ್ತರಿಗೆ ಸಾಣೆ ಹಿಡಿದು ಕೊಡುವುದು ಅವರ ಪಾಲಿನ ಕೆಲಸ. ಹೆಂಡತಿಯ ಬಗ್ಗೆ ಕೇಳಿದರೆ, "ದಿನಕ್ಕೆರಡು ಸಲ ನನ್ನನ್ನೂ ಎಣಿಸ್ತಾಳೆ ಕಣಮ್ಮ. ಮನೇಲಿರೋನು ನಾನೊಬ್ಬನೇ," ಎಂದು ಸೂಜಿಗೆ ದಾರ ಪೋಣಿಸುತ್ತಾರೆ.

ಏಳು ಗಂಟೆಗೆ ಗೇಟು ತೆರೆಯುತ್ತದೆ. ಚಾಪೆ, ಛತ್ರಿ, ಚೆಂಡು, ನೀರಿನ ಕ್ಯಾನು, ಗಾಳಿ ತುಂಬಿದ ಟ್ಯೂಬು ಹೊತ್ತ ಕುಟುಂಬಗಳು ಸಾಲು ನಿಲ್ಲುತ್ತವೆ. ಬೇಸಿಗೆ ರಜೆಯ ಒಂದು ದಿನಕ್ಕೆ ವಾರಗಟ್ಟಲೆ ತಯಾರಿ ಮಾಡಿಕೊಂಡು ಬಂದವರು. ಅಕ್ಕ ಒಬ್ಬೊಬ್ಬರ ಕೈ ಹಿಡಿದು ಪಟ್ಟಿ ಕಟ್ಟುತ್ತಲೇ ಅವರ ಯೋಜನೆಯನ್ನು ಅಲ್ಲೇ ತಿದ್ದುತ್ತಾರೆ. ವಯಸ್ಸಾದವರು ಮೊದಲು ನೀರಿಗಿಳಿದು ಒಂಬತ್ತರೊಳಗೆ ನೆರಳಿಗೆ ಬರಲಿ. ಮಕ್ಕಳಿಗೆ ಇಳಿತದ ಹೊತ್ತು, ಅದೂ ಕಲ್ಲಿನ ಈಚೆ ನಿಂತ ನೀರಿನಲ್ಲಿ. ಊಟವಾದ ಮೇಲೆ ಒಂದು ಗಂಟೆ ಯಾರೂ ಬೇಡ, ಮರಳಲ್ಲಿ ಗೂಡು ಕಟ್ಟಿಕೊಂಡಿರಲಿ. ಟ್ಯೂಬು ಹಾಕಿಕೊಂಡರೆ ಆಯಿತು ಎಂದುಕೊಂಡವರಿಗೆ, ಟ್ಯೂಬು ತೇಲುತ್ತದೆ, ಅದರ ಜೊತೆ ಮಗುವೂ ತೇಲಿಕೊಂಡು ಹೋಗುತ್ತದೆ ಎಂದು ಬಿಡಿಸಿ ಹೇಳುತ್ತಾರೆ.

ಕಟ್ಟಿ ಮುಗಿದ ಮೇಲೆ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಈಗ ಯಾರ ಪಾಳಿ? ಬಂದವರಿಗೆ ಅರ್ಥವಾಗುವುದಿಲ್ಲ. ನೀರಿನ ಕಡೆ ಮುಖ ಮಾಡಿ ಕೂರುವವರು ಯಾರು ಎಂದು ಅಕ್ಕ ಬಿಡಿಸಿ ಕೇಳುತ್ತಾರೆ. "ಚೆಂಡು ಯಾರು ತರಬೇಕು, ಚಾಪೆ ಯಾರು ತರಬೇಕು, ಎಲ್ಲ ಹಂಚ್ಕೊಂಡು ಬಂದಿರ್ತಾರೆ. ಮಕ್ಕಳನ್ನ ಯಾರು ನೋಡ್ತಾರೆ ಅಂದ್ರೆ ಎಲ್ರೂ ನೋಡ್ತೀವಲ್ಲ ಅಂತಾರೆ. ಎಲ್ರೂ ಅಂದ್ರೆ ಯಾರೂ ಅಲ್ಲ ಅಂತ ನಾನು." ಗಂಟೆಗೊಬ್ಬರ ಹೆಸರು ಹೇಳುವ ತನಕ ಅವರು ಆ ಕುಟುಂಬವನ್ನು ಒಳಗೆ ಬಿಡುವುದಿಲ್ಲ. ಹಿಂದೆ ನಿಂತವರು ಗೊಣಗುತ್ತಾರೆ. ಇದೇನು ಪರೀಕ್ಷೆಯಾ ಎಂದು ಒಬ್ಬರು ಮಾವ ರೇಗುತ್ತಾರೆ. ಅಕ್ಕ ಅವರ ಕೈಯನ್ನೂ ಎಳೆದುಕೊಂಡು ಗಂಟು ಹಾಕುತ್ತಾರೆ.

ಆ ಗಂಟು ನೀರು ಬಿದ್ದರೆ ಬಿಗಿಯುವಂಥದ್ದು. ಬೆರಳಿನಿಂದ ಬಿಚ್ಚಲು ಬರುವುದಿಲ್ಲ. ಮೊದಲು ಹೀಗಿರಲಿಲ್ಲ.

ಹತ್ತು ಬೇಸಿಗೆಗಳ ಹಿಂದೆ ಅವರು ಕೆಲಸಕ್ಕೆ ಸೇರಿದಾಗ ಪಟ್ಟಿಗೆ ಜಾರುಗಂಟು. ಹೋಗುವಾಗ ಮನೆಯವರೇ ಬಿಚ್ಚಿ ಕೊಡುತ್ತಿದ್ದರು, ಅಕ್ಕ ಎಣಿಸಿಕೊಳ್ಳುತ್ತಿದ್ದರು. ಮೂರನೆಯ ಬೇಸಿಗೆಯಲ್ಲಿ ಒಂದು ದೊಡ್ಡ ಕುಟುಂಬ ಬಂತು. ಹನ್ನೊಂದು ಜನ, ಎರಡು ಗಾಡಿ. ಮಧ್ಯಾಹ್ನ ಆ ಮನೆಯ ತಾತ ಉಪ್ಪುನೀರಿಗೆ ಕೈ ತುರಿಸುತ್ತದೆ ಎಂದು ಪಟ್ಟಿ ಬಿಚ್ಚಿ ಸೊಸೆಗೆ ಕೊಟ್ಟರು. ಸೊಸೆ ಜೋಪಾನವಾಗಿ ಚೀಲದಲ್ಲಿಟ್ಟುಕೊಂಡರು. ಸಂಜೆ ಹೊರಡುವ ಗಡಿಬಿಡಿಯಲ್ಲಿ ತಾತ ಇನ್ನೊಂದು ಸಲ ಕಾಲು ನೆನೆಸಿಕೊಂಡು ಬರುತ್ತೇನೆ ಎಂದು ನೀರಿನ ಕಡೆ ಹೋದದ್ದನ್ನು ಯಾರೂ ಗಮನಿಸಲಿಲ್ಲ. ಗೇಟಿನಲ್ಲಿ ಸೊಸೆ ಹನ್ನೊಂದು ಪಟ್ಟಿಗಳನ್ನು ನೀಟಾಗಿ ಮಡಿಸಿ ಕೊಟ್ಟರು. ಅಕ್ಕ ಎಣಿಸಿದರು. ಹನ್ನೊಂದು. ಪುಸ್ತಕದಲ್ಲಿ ಗುರುತು ಹಾಕಿದರು. ಮುಂದಿನ ಗಾಡಿಯವರು ತಾತ ಹಿಂದಿನದರಲ್ಲಿದ್ದಾರೆ ಎಂದುಕೊಂಡರು. ಹಿಂದಿನ ಗಾಡಿಯವರು ಮುಂದಿನದರಲ್ಲಿದ್ದಾರೆ ಎಂದುಕೊಂಡರು. ಒಂದೂವರೆ ಗಂಟೆ ದಾರಿ ಸಾಗಿ ಚಹಾಕ್ಕೆ ನಿಲ್ಲಿಸಿದಾಗಲೇ ಗೊತ್ತಾದದ್ದು. ಅಷ್ಟು ಹೊತ್ತಿಗೆ ಗೇಟಿಗೆ ಬೀಗ ಬಿದ್ದಿತ್ತು. ನೀರು ಕಾಯುವ ಗಾರ್ಡುಗಳು ಮನೆಗೆ ಹೋಗಿದ್ದರು. ಮಾರನೆಯ ಬೆಳಿಗ್ಗೆ ಕಲ್ಲುಗಳ ಆಚೆ ತಾತ ಸಿಕ್ಕರು.

ವಿಚಾರಣೆಯಾಯಿತು. ಅಕ್ಕನ ತಪ್ಪಿಲ್ಲ, ಲೆಕ್ಕ ಸರಿಯಾಗಿತ್ತು ಎಂದು ಬರೆದರು. "ಸರಿಯಾಗಿತ್ತು. ಸರಿಯಾಗಿದ್ದಕ್ಕೇ ಅಲ್ವಾ ನಾನು ಬೀಗ ಹಾಕಿದ್ದು," ಎನ್ನುತ್ತಾರೆ ಅವರು. ಆ ಸೊಸೆ ಈಗಲೂ ವರ್ಷಕ್ಕೊಮ್ಮೆ ಫೋನು ಮಾಡುತ್ತಾರಂತೆ. ಚೆನ್ನಾಗಿದ್ದೀರಾ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಅದಕ್ಕಿಂತ ಹೆಚ್ಚು ಮಾತು ಮುಂದುವರಿಯುವುದಿಲ್ಲ.

ಅಂದಿನಿಂದ ಬಿಚ್ಚಿ ಕೊಟ್ಟ ಪಟ್ಟಿ ಅಕ್ಕನಿಗೆ ನಡೆಯುವುದಿಲ್ಲ. ಕೈ ಬೇಕು, ಕೈಯ ಹಿಂದೆ ಮನುಷ್ಯ ಬೇಕು. ಒಬ್ಬೊಬ್ಬರನ್ನೂ ಮುಂದೆ ನಿಲ್ಲಿಸಿಕೊಂಡು, ಮುಖ ನೋಡಿ, ಪಟ್ಟಿಯ ಕೆಳಗೆ ತಮ್ಮ ಬೆರಳಿಟ್ಟು ಕತ್ತರಿಸುತ್ತಾರೆ. ಬೆರಳಿನ ಬದಿಯಲ್ಲಿ ಸಣ್ಣ ಸಣ್ಣ ಗಾಯದ ಗುರುತುಗಳಿವೆ. ಬಿಸಿಲಿಗೆ ಸೋತು ಮಲಗಿದ ಮಗುವನ್ನು ಹೆಗಲ ಮೇಲಿಂದ ಇಳಿಸಬೇಕಾಗಿಲ್ಲ, ಅಕ್ಕನೇ ಹಿಂದೆ ಹೋಗಿ ಜೋತುಬಿದ್ದ ಕೈಯಿಂದ ಪಟ್ಟಿ ತೆಗೆಯುತ್ತಾರೆ. ಆದರೆ ಒಂಬೈನೂರು ಕೈ ಎಂದರೆ ಹೊತ್ತು ಹಿಡಿಯುತ್ತದೆ. ಭಾನುವಾರ ಸಂಜೆ ಸಾಲು ಗಾಡಿ ನಿಲ್ಲಿಸುವ ಜಾಗದವರೆಗೂ ಬೆಳೆಯುತ್ತದೆ. ಹಾರ್ನು, ಅಳುವ ಮಕ್ಕಳು, ಬೈಗುಳ. ದೂರುಗಳು ತೀರದ ಮೇಲ್ವಿಚಾರಕರ ಮೇಜಿನ ಮೇಲೆ ಕೂಡಿಬೀಳುತ್ತವೆ.

ಅದಕ್ಕೇ ಈ ಭಾನುವಾರ ಗೇಟಿನ ಪಕ್ಕ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಬಂದು ಕೂತಿದೆ. ಇವತ್ತು ಜಾರುಗಂಟು ಕಟ್ಟಬೇಕು. ಹೋಗುವವರು ತಾವೇ ಬಿಚ್ಚಿ ಪೆಟ್ಟಿಗೆಗೆ ಹಾಕುತ್ತಾರೆ. ಇದು ಸರಿಹೋದರೆ ಕತ್ತರಿಯ ಕೆಲಸ ನಿಲ್ಲುತ್ತದೆ. ಬೇಡ ಎಂದು ಅಕ್ಕ ಎರಡು ಸಲ ಮೇಲ್ವಿಚಾರಕರ ಕೋಣೆಗೆ ಹೋಗಿ ಬಂದಿದ್ದಾರೆ. ಮೇಲ್ವಿಚಾರಕರು ಕೆಟ್ಟವರಲ್ಲ. ಕೂರಿಸಿ ನೀರು ಕೊಟ್ಟು ಕೇಳಿಸಿಕೊಂಡರಂತೆ. ಒಂದು ದಿನ ನೋಡೋಣ ಎಂದರಂತೆ.

ಸಂಜೆ ಜನ ಸರಾಗವಾಗಿ ಹೊರಗೆ ಹೋಗುತ್ತಾರೆ. ಸಾಲಿಲ್ಲ, ಹಾರ್ನಿಲ್ಲ. ಅಕ್ಕ ಶೆಡ್ಡಿನ ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಂತಿದ್ದಾರೆ. ಒಂದೊಂದು ಮುಖ ನೋಡಲು ಕತ್ತು ಉದ್ದ ಮಾಡುತ್ತಾರೆ, ಗುಂಪಿನಲ್ಲಿ ಅದು ಸಾಗುವುದಿಲ್ಲ. ಆರೂವರೆಗೆ ಪೆಟ್ಟಿಗೆಯನ್ನು ಮಗುಚಿ ನಂಬರಿನ ಪ್ರಕಾರ ಜೋಡಿಸುತ್ತಾರೆ. ಅರವತ್ತೆರಡನೆಯ ನಂಬರಿನ ಕುಟುಂಬ ಏಳು ಜನ. ಪಟ್ಟಿಗಳು ಆರು. ಮೂರು ಸಲ ಎಣಿಸಿದರೂ ಆರೇ. ಪುಸ್ತಕದಲ್ಲಿದ್ದ ನಂಬರಿಗೆ ಫೋನು ಮಾಡಿದರೆ ಸ್ವಿಚ್ ಆಫ್.

ಅಕ್ಕ ಗೇಟು ಮುಚ್ಚಲು ಬಿಡುವುದಿಲ್ಲ. ಹೊರಟಿದ್ದ ಇಬ್ಬರು ಗಾರ್ಡುಗಳು ಅಂಗಿ ಬಿಚ್ಚಿ ಮತ್ತೆ ನೀರಿಗಿಳಿಯುತ್ತಾರೆ. ಬೆಳಕು ಇಳಿಯುತ್ತಿದೆ, ಉಬ್ಬರ ಏರುತ್ತಿದೆ. ಒಬ್ಬ ಗಾರ್ಡಿನ ಪಾದ ಕಲ್ಲಿಗೆ ತಗುಲಿ ಸೀಳುತ್ತದೆ. ಅಕ್ಕ ದಡದ ಈ ತುದಿಯಿಂದ ಆ ತುದಿಗೆ ನಡೆಯುತ್ತಾ ಫೋನು ಒತ್ತುತ್ತಲೇ ಇದ್ದಾರೆ. ಐವತ್ತು ನಿಮಿಷ ಕಳೆದ ಮೇಲೆ ರಿಂಗಾಗುತ್ತದೆ. ಎತ್ತಿದವರು ಆ ಮನೆಯ ಮಗ. ಎಲ್ಲರೂ ಗಾಡಿಯಲ್ಲೇ ಇದ್ದೇವೆ, ಅಮ್ಮ ಪಟ್ಟಿ ಬಿಚ್ಚಿರಲಿಲ್ಲ ಅಷ್ಟೇ ಎನ್ನುತ್ತಾರೆ.

"ಅಮ್ಮನಿಗೆ ಕೊಡಿ ಫೋನು."

ಮಲಗಿದ್ದಾರೆ ಎಂದು ಮಗ ಹೇಳುತ್ತಾರೆ.

"ಎಬ್ಬಿಸಿ. ಅವರ ಧ್ವನಿ ಕೇಳಬೇಕು ನನಗೆ."

ಸ್ವಲ್ಪ ಹೊತ್ತಾದ ಮೇಲೆ ಆ ಕಡೆಯಿಂದ ನಿದ್ದೆಗಣ್ಣಿನ ಅಜ್ಜಿಯೊಬ್ಬರ ದನಿ, ಪಕ್ಕದಲ್ಲಿ ನಿಂತವರಿಗೂ ಕೇಳುವಷ್ಟು ಜೋರಾಗಿ. "ಇಲ್ಲೇ ಇದ್ದೀನಲ್ಲಮ್ಮ. ಹಸಿರು ಬಣ್ಣ ಚೆನ್ನಾಗಿತ್ತು, ಬಿಚ್ಚಕ್ಕೆ ಮನಸ್ಸು ಬರ್ಲಿಲ್ಲ. ವಾಪಸ್ ಕಳಿಸ್ಬೇಕಾ?"

ಬೇಡ ಅಜ್ಜಿ, ಇಟ್ಕೊಳ್ಳಿ ಎಂದು ಅಕ್ಕ ಫೋನು ಇಡುತ್ತಾರೆ. ಶೆಡ್ಡಿಗೆ ಬಂದು ಪುಸ್ತಕದಲ್ಲಿ ಅರವತ್ತೆರಡರ ಮುಂದೆ ಗುರುತು ಹಾಕುತ್ತಾರೆ. ಪಾದಕ್ಕೆ ಬಟ್ಟೆ ಸುತ್ತಿಕೊಂಡ ಗಾರ್ಡು ಕುಂಟುತ್ತಾ ಅವರನ್ನು ದಾಟಿ ಹೋಗುತ್ತಾನೆ.

ಪೆಟ್ಟಿಗೆ ನಡೆಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಾಯಿತು, ಇನ್ನು ಕತ್ತರಿಯೇ ಗಟ್ಟಿ ಎಂದು ಮಾರನೆಯ ದಿನ ಶೆಡ್ಡಿನಲ್ಲಿ ಮಾತು. ಮಂಗಳವಾರ ಬಂದ ಕಾಗದದಲ್ಲಿ ಬೇರೆಯೇ ಇದೆ. ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಪೆಟ್ಟಿಗೆಯೂ ಇಲ್ಲ, ಪಟ್ಟಿಯೂ ಇಲ್ಲ. ಕುಟುಂಬದವರ ಸುರಕ್ಷತೆ ಕುಟುಂಬದವರದೇ ಹೊಣೆ ಎಂಬ ಬೋರ್ಡು ಬರುತ್ತದೆ. ಅಕ್ಕನಿಗೆ ಛತ್ರಿ ಬಾಡಿಗೆ ಕೊಡುವ ಕಟ್ಟೆಯಲ್ಲಿ ಕೆಲಸ, ಸಂಬಳ ಮೊದಲಿನಷ್ಟೇ. ಮೇಲ್ವಿಚಾರಕರನ್ನು ಕೇಳಿದರೆ ಅವರ ದನಿಯಲ್ಲೂ ಗೆಲುವಿಲ್ಲ. ಯಾರೂ ಇಲ್ಲದ ನೀರಿನಲ್ಲಿ ಕತ್ತಲಾಗುವ ಹೊತ್ತಿಗೆ ಇಬ್ಬರನ್ನು ಇಳಿಸಿದೆವು, ಆ ಹುಡುಗರಿಗೇ ಏನಾದರೂ ಆಗಿದ್ದರೆ ಅವರ ಮನೆಗೆ ನಾನು ಏನೆಂದು ಹೇಳಲಿ ಎನ್ನುತ್ತಾರೆ. ಕತ್ತರಿಗೆ ಹಿಂದಿರುಗಿದರೆ ಸಾಲು, ಸಾಲಿಗೆ ಹಿಂದಿರುಗಿದರೆ ದೂರು. ಅವರ ಮಾತಿನಲ್ಲೂ ಸುಳ್ಳಿಲ್ಲ.

ಅಕ್ಕ ವಾದ ಮಾಡಲಿಲ್ಲ. ಒಂದೇ ಒಂದು ಕೇಳಿಕೊಂಡಿದ್ದಾರೆ. ಛತ್ರಿ ಕಟ್ಟೆ ಐದಕ್ಕೆ ಮುಚ್ಚುತ್ತದೆ. ಐದರಿಂದ ಆರೂವರೆಯವರೆಗೆ ಗೇಟಿನ ಹತ್ತಿರ ನಿಲ್ಲಲು ಬಿಡಬೇಕು, ಅದಕ್ಕೆ ದುಡ್ಡು ಬೇಡ. ಪಟ್ಟಿಯಿಲ್ಲದೆ ನಿಂತು ಏನು ಮಾಡುತ್ತೀರಿ ಎಂದು ಮೇಲ್ವಿಚಾರಕರು ಕೇಳಿದ್ದಾರೆ. ಹೋಗುವವರ ಮುಖ ನೋಡುತ್ತೇನೆ ಎಂದಿದ್ದಾರೆ ಅಕ್ಕ. ಇನ್ನೂ ಉತ್ತರ ಬಂದಿಲ್ಲ.

ಕೊನೆಯ ಸಲ ಮಾತಾಡಿಸಿದಾಗ ಅವರು ಶೆಡ್ಡಿನ ಮೆಟ್ಟಿಲ ಮೇಲೆ ಕೂತು ಕತ್ತರಿಗೆ ಅಂಟಿದ ಉಪ್ಪನ್ನು ಸೆರಗಿನಿಂದ ಒರೆಸುತ್ತಿದ್ದರು. ಇಷ್ಟು ವರ್ಷದಲ್ಲಿ ಯಾವುದು ಸಮಾಧಾನ ಕೊಟ್ಟಿತು ಎಂದು ಕೇಳಿದ್ದಕ್ಕೆ ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡರು.

"ಏಳು ಬೇಸಿಗೆ," ಎಂದರು ಆಮೇಲೆ. "ಈ ಗೇಟಿಂದ ಆಚೆ ಹೋದ ಒಂದೊಂದು ಕೈನೂ ನಾನು ಹಿಡಿದು ನೋಡಿ ಕಳಿಸಿದೀನಿ. ಮೊನ್ನೆ ಭಾನುವಾರ ಒಂದು ದಿನ ಬಿಟ್ಟು."