ಈಶಾನ್ಯದ ತಗ್ಗು

ಸೋಮಲಿಂಗಪ್ಪನವರು ಸರಕಾಗಿದ್ದರೆ ನಾನು ಮೊದಲ ನೋಟಕ್ಕೆ ಕೊಳ್ಳುತ್ತಿರಲಿಲ್ಲ. ಹೊರಗಿನ ಕಟ್ಟು ಮಾಸಲು: ಬಣ್ಣ ಹೋದ ಟೋಪಿ, ಮೊಣಕಾಲಲ್ಲಿ ಸವೆದ ಪ್ಯಾಂಟು, ಗಿರಾಕಿಯನ್ನು ನಗಿಸಲು ಬಾರದ ಮುಖ. ಒಳಗಿನ ಮಾಲು ಮಾತ್ರ ಗಟ್ಟಿ. ಅಮೆರಿಕದ ಡರ್ಹಮ್‌ನಲ್ಲಿರುವ ನನ್ನ ದಿನಸಿ ಅಂಗಡಿಗೆ ಜೋಳದ ಹಿಟ್ಟಿಗೆ ಬಂದರೆ ಬೆಲೆ ಕೇಳುವುದಿಲ್ಲ, ಚೀಲ ಮೂಸಿ ನೋಡುತ್ತಾರೆ. ಬಾಗಲಕೋಟೆ ಕಡೆಯವರು; ವಾರವೆಲ್ಲ ಸೇತುವೆಗಳ ಎಂಜಿನಿಯರು, ಶನಿವಾರ ಬಂತೆಂದರೆ ಮೆಟಲ್ ಡಿಟೆಕ್ಟರ್ ಹಿಡಿದು ಹಳೆಯ ಮನೆಗಳ ಹಿತ್ತಲು ಸುತ್ತುವ ಗೀಳು.

೨೦೧೪ರ ಚಳಿಗಾಲದಲ್ಲಿ ನಾನು ಊರಾಚೆ ಹಳೆಯ ತಂಬಾಕು ತೋಟದ ಮನೆಯೊಂದನ್ನು ಕೊಂಡೆ. ಮನಸ್ಸು ಸೋತದ್ದು ಒಂದಕ್ಕೇ: ಜಾಗದ ಈಶಾನ್ಯ ಮೂಲೆ ತಗ್ಗಾಗಿತ್ತು. ವಾಸ್ತುವಿಗೆ ಇನ್ನೇನು ಬೇಕು? ನೀರು ಅಲ್ಲೇ ಇರಬೇಕೆಂದು, ಮಕ್ಕಳಿಗೆ ಅಲ್ಲೇ ಈಜುಕೊಳ ತೋಡಿಸಲು ನಾನೂ ಹೆಂಡತಿ ಕಾತ್ಯಾಯಿನಿಯೂ ತೀರ್ಮಾನಿಸಿದೆವು. ಸೋಮವಾರ ಅಗೆಯುವ ಯಂತ್ರ ಬರುವುದಿತ್ತು. ಅಷ್ಟರೊಳಗೆ ನೆಲದಲ್ಲಿ ಹಳೆಯ ಕಾಸು, ಇಲ್ಲಿನ ಅಂತರ್ಯುದ್ಧದ ಕಾಲದ ಸೈನಿಕರ ಅಂಗಿಯ ಗುಂಡಿ ಏನಾದರೂ ಇದ್ದರೆ ಸಿಗಲಿ ಎಂದು ಸೋಮಲಿಂಗಪ್ಪನವರನ್ನು ಕರೆದೆ.

ಮನೆಯ ಸುತ್ತ ಸಿಕ್ಕಿದ್ದು ಲಾಳ, ಚಿಲಕ, ಮುರಿದ ಚಮಚ. ಮಧ್ಯಾಹ್ನ ಅವರು ಈಶಾನ್ಯಕ್ಕೆ ಹೋದರು. ಸುತ್ತಲಿನ ಹುಲ್ಲೆಲ್ಲ ಒಣಗಿದ್ದರೂ ಅಲ್ಲಿ ಮಾತ್ರ ಹೊಳೆಯುವ ಹಸಿರು ಬಳ್ಳಿ ನೆಲ ಮುಚ್ಚಿತ್ತು. ಡಿಟೆಕ್ಟರ್ ಕುಂಯ್ ಎಂದಿತು. ಒಂದಿಷ್ಟು ದೂರ ಮೌನ, ಮತ್ತೆ ಕುಂಯ್. ಮತ್ತೆ ಅಷ್ಟೇ ದೂರ ಮೌನ. ಸದ್ದು ಬಂದಲ್ಲೆಲ್ಲ ಅವರು ಸಣ್ಣ ಕೆಂಪು ಬಾವುಟ ಚುಚ್ಚಿದರು, ಅಗೆಯಲಿಲ್ಲ.

"ಏನ್ ಸೋಮಲಿಂಗಪ್ಪನೋರೇ, ಆಗಸ್ಟ್ ಹದಿನೈದಾ ಇವತ್ತು?" ಎಂದೆ.

ಅವರು ಬಗ್ಗಿ ಬಳ್ಳಿ ಸರಿಸಿದರು. ಅದು ಒಂದೇ ತಗ್ಗಲ್ಲ. ಪಕ್ಕಪಕ್ಕದಲ್ಲಿ ಉದ್ದುದ್ದ ತಗ್ಗುಗಳು, ಎಲ್ಲವೂ ಪೂರ್ವಕ್ಕೆ ಮುಖ. ಒಬ್ಬ ಆಳು ಮಲಗುವಷ್ಟು ಉದ್ದ. ಕೆಲವು ಅಷ್ಟೂ ಇರಲಿಲ್ಲ.

ಅವರು ಮೆಲ್ಲಗೆ ಶೂ ಬಿಚ್ಚಿದರು. "ಸಾವಕಾರ್ರ, ನಿಮ್ಮಾಗ ಸುಡ್ತಾರ, ನಿಮಗ ಗುರ್ತ ಹತ್ತೂದಿಲ್ಲ. ನಾವು ಕುಂದ್ರಿಸಿ ಮಣ್ಣು ಮಾಡ್ತೀವಿ, ಇವರು ಮಲಗಿಸ್ಯಾರ. ಮ್ಯಾಲಿನ ಮಣ್ಣು ಮಾತ್ರ ಎಲ್ಲಾ ಕಡೆ ಹಿಂಗಽ ಕುಸೀತೈತಿ."

"ಯಾವ್ದೋ ಹಳೇ ಶೆಡ್ಡಿನ ಮೊಳೆ ಇರ್ಬೇಕು ಬಿಡಿ."

"ಮೊಳಿ ಖರೇನ. ಪೆಟ್ಟಿಗಿ ಮೊಳಿ."

"ಒಂದು ಕಲ್ಲಿಲ್ಲ, ಹೆಸರಿಲ್ಲ."

"ಹೊಲದಾಗ ಜೀತಕ್ಕ ದುಡಿದವ್ರಿಗೆ ಯಾರು ಕಲ್ಲು ನಿಲ್ಲಸ್ತಾರ್ರಿ?"

ನಾನು ಚೌಕಾಸಿಗೆ ಇಳಿದೆ. "ಪೂಲ್ ಸ್ವಲ್ಪ ಈ ಕಡೆ ಸರಿಸಿದ್ರೆ?"

ಅವರು ಡಿಟೆಕ್ಟರನ್ನು ನನ್ನ ಕೈಗಿತ್ತರು. "ನೀವಽ ನೋಡ್ರಿ."

ನಿಂತಲ್ಲೇ ಕುಂಯ್ ಎಂದಿತು. ಹಿಂದೆ ಸರಿದೆ, ಅಲ್ಲೂ. ಮನೆಯತ್ತ ನಡೆದೆ, ಸದ್ದು ಬಿಟ್ಟು ಬಿಟ್ಟು ಅಡುಗೆಮನೆಯ ಮೆಟ್ಟಿಲವರೆಗೂ ನನ್ನ ಜೊತೆಗೇ ಬಂತು. ಅದು ಲಾಳವೋ ಮೊಳೆಯೋ ಎಂದು ಅವರನ್ನು ಕೇಳುವ ಧೈರ್ಯ ಬರಲಿಲ್ಲ.

ಕಾತ್ಯಾಯಿನಿ ಬಾಗಿಲಲ್ಲಿ ನಿಂತಿದ್ದಳು. "ಇದ್ಯಾಕ್ರೀ, ಈ ಚಳೀಲಿ ಶೂ ಕೈಲಿ ಹಿಡ್ಕೊಂಡ್ ಬರ್ತಿದೀರಿ?"

ನೋಡಿಕೊಂಡೆ. ಹೌದು. ಯಾವಾಗ ಬಿಚ್ಚಿದೆನೋ ನನಗೆ ತಿಳಿಯದು.

ಅಗೆಯುವವನಿಗೆ ಬರಬೇಡವೆಂದು ಆಗಲೇ ಫೋನ್ ಮಾಡಿದೆ. ಆಮೇಲೆ ಕೌಂಟಿ ಆಡಳಿತದವರು ಬಂದು ನೋಡಿ, ತೋಟದಲ್ಲಿ ದುಡಿದ ಗುಲಾಮರ ಸಮಾಧಿಗಳೆಂದೇ ಖಚಿತಪಡಿಸಿದರು. ಬೇಲಿ ಬಂತು, ಜಾಗದ ಬೆಲೆ ಇಳಿಯಿತು. ನಾವು ಅಲ್ಲೇ ಇದ್ದೇವೆ. ಮಲಗಿದವರನ್ನು ನಾನು ಎಬ್ಬಿಸಲಿಲ್ಲ, ಅವರ ಜಾಗದಲ್ಲಿ ನನ್ನ ಮಕ್ಕಳು ಈಜಲಿಲ್ಲ. ಇದಕ್ಕೆ ನಾನು ಸೋಮಲಿಂಗಪ್ಪನವರಿಗೆ ಋಣಿ.