ಕೈಯೂ ಕಾಗದವೂ ಒಂದೇ ಮಾತಾಡಬೇಕು ಎನ್ನುವ ಮೇಸ್ತ್ರಿ

ಸಂಕ್ರಾಂತಿ ಕಳೆದು ಐದನೇ ದಿನ, ಬೆಳಗಿನ ಜಾವ ಐದೂ ಕಾಲು. ಭದ್ರಾವತಿಯ ಕಾಗದನಗರದ ಹಿಂಬದಿಯ ಒಂದು ತಗಡಿನ ಶೆಡ್ಡಿನಲ್ಲಿ ಷಡಕ್ಷರಪ್ಪ ಮೇಸ್ತ್ರಿ ಕಣ್ಣು ಮುಚ್ಚಿ ಕೂತಿದ್ದಾರೆ. ವಯಸ್ಸು ಎಪ್ಪತ್ತೊಂದು. ತಲೆಗೆ ಸುತ್ತಿದ ಮಫ್ಲರನ್ನು ಎಡಗಿವಿಯ ಮೇಲಿಂದ ಮಾತ್ರ ಸರಿಸಿಕೊಂಡಿದ್ದಾರೆ. ಎರಡು ಮಾರು ಆಚೆ ಮಲ್ಲಿಕ್ ಎಂಬವರು ನೆಲಕ್ಕೆ ಬೆನ್ನು ಹಚ್ಚಿ, ಓರೆಯಾಗಿ ಕಟ್ಟಿದ ಎರಡಿಂಚಿನ ಪೈಪಿಗೆ ಕೆಳಗಿನಿಂದ ವೆಲ್ಡಿಂಗ್ ಮಾಡುತ್ತಿದ್ದಾರೆ. ಶಿವಮೊಗ್ಗದ ಆಲ್ಕೊಳದವರು, ಮೂವತ್ತನಾಲ್ಕು ವರ್ಷ. ಗೇಟು, ಗ್ರಿಲ್ಲು, ಟ್ರೈಲರ್ ಮಾಡಿ ಹನ್ನೆರಡು ವರ್ಷ ಪಳಗಿದ ಕೈ. ಈ ಶೆಡ್ಡಿಗೆ ಇದು ಮೊದಲ ದಿನ.

ಮಲ್ಲಿಕ್ ಕೆಲಸ ಮುಗಿಸಿ ಎದ್ದಾಗ ಮುಖದಲ್ಲಿ ಗೆದ್ದ ಕಳೆ. ಬೆಸುಗೆ ಗೆರೆ ಎಳೆದ ಹಾಗೆ ಕೂತಿದೆ. ಮೇಸ್ತ್ರಿ ಇನ್ನೂ ಕಣ್ಣು ತೆರೆದಿಲ್ಲ.

‘ಪೈಪನ್ನ ಗಡಿಯಾರ ಅಂದ್ಕೊ. ಏಳು ಗಂಟೆ ಇರೋ ಜಾಗದಲ್ಲಿ ಒಂದು ತೂತು ಬಿಟ್ಟಿದ್ದೀಯ ನೋಡು’ ಅನ್ನುತ್ತಾರೆ.

ಮಲ್ಲಿಕ್ ನಂಬುವುದಿಲ್ಲ. ಪೈಪನ್ನು ಸೀಳಿ, ವೈಸಿನ ದವಡೆಗೆ ಸಿಕ್ಕಿಸಿ ಬಗ್ಗಿಸಿದರೆ ಒಂದು ಕಡೆ ಲೋಹ ಬಾಯಿ ಬಿಡುತ್ತದೆ. ಏಳು ಗಂಟೆಯ ಜಾಗವೇ. ಒಳಗೆ ರಾಗಿಕಾಳಿನಷ್ಟು ತೂತು. ಮೇಸ್ತ್ರಿಯ ಬಗ್ಗೆ ಬರೆಯಲು ಬಂದ ನಾನು ಬಗ್ಗಿ ಅದನ್ನು ಬೆರಳಲ್ಲಿ ಮುಟ್ಟಿ ನೋಡಿದೆ. ಕಣ್ಣಿದ್ದವರಿಗೆ ಕಾಣದ್ದು, ಕಣ್ಣು ಮುಚ್ಚಿದವರಿಗೆ ಕೇಳಿಸಿದೆ.

ಹೇಗೆ ಎಂದು ಕೇಳಿದರೆ ಅವರಿಗೆ ಅದೊಂದು ದೊಡ್ಡ ವಿಷಯವೇ ಅಲ್ಲ. ವೆಲ್ಡಿಂಗ್ ರಾಡು ಪೈಪಿನಿಂದ ಸರಿಯಾದ ದೂರದಲ್ಲಿದ್ದರೆ ಎಣ್ಣೆಯಲ್ಲಿ ಬೋಂಡ ಕರಿದ ಹಾಗೆ ಒಂದೇ ಸಮನೆ ಸದ್ದು ಬರಬೇಕಂತೆ. ಸಾಸಿವೆ ಸಿಡಿದ ಹಾಗೆ ಕೇಳಿಸಿದರೆ ಅಲ್ಲಿ ಗಾಳಿ ಒಳಹೊಕ್ಕಿತು ಎಂದು ಅರ್ಥ. ಇದು ಅವರ ಪತ್ನಿ ದಾಕ್ಷಾಯಣಮ್ಮನವರಿಗೂ ಬರುತ್ತದೆ. ಶೆಡ್ಡಿನ ಗೋಡೆಗೆ ಅಂಟಿದ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಲೇ ಕೂಗುತ್ತಾರೆ: ‘ಎರಡನೇ ಮಿಷನ್ನಲ್ಲಿ ಯಾರಪ್ಪಾ? ಒಗ್ಗರಣೆ ಹಾಕ್ತಾ ಇದ್ದೀಯ.’

ಶೆಡ್ಡಿನಲ್ಲಿ ಇರುವುದು ಎರಡು ವೆಲ್ಡಿಂಗ್ ಮಿಷನ್ನು. ದಿನಕ್ಕೆ ನಾಲ್ಕೇ ಜನ. ಒಬ್ಬರಿಗೆ ಒಂದೇ ಜೋಡಣೆ. ಕೆಲಸ ಐದಕ್ಕೆ ಶುರು, ಎಂಟಕ್ಕೆ ಬಂದ್. ಎಂಟಾದ ಮೇಲೆ ಸುತ್ತಲಿನ ಎರಕದ ಶೆಡ್ಡುಗಳು ಚಾಲೂ ಆಗಿ ಕರೆಂಟು ತೂಕಡಿಸುತ್ತದೆ, ಬೆಸುಗೆ ಕೆಡುತ್ತದೆ. ರಾಡುಗಳಿಗೆ ತೇವ ಹಿಡಿಯಬಾರದೆಂದು ಒಂದು ಹಳೇ ಅಕ್ಕಿಡಬ್ಬಿಯೊಳಗೆ ಬಲ್ಬು ಉರಿಸಿ ಬೆಚ್ಚಗೆ ಇಟ್ಟಿರುತ್ತಾರೆ. ಕೋಳಿಮರಿಗೆ ಕಾವು ಕೊಟ್ಟ ಹಾಗೆ. ನೂರು ಜೋಡಣೆ ಆಗುವವರೆಗೆ ಯಾರನ್ನೂ ಹೊರದೇಶದ ಕೆಲಸಕ್ಕೆ ನಡೆಯುವ ವೆಲ್ಡಿಂಗ್ ಪರೀಕ್ಷೆಗೆ ಕಳಿಸುವುದಿಲ್ಲ. ನೂರನೆಯದನ್ನು ಸೀಳಿ ಬಗ್ಗಿಸಿ, ಅದು ಬಾಯಿ ಬಿಡದಿದ್ದರೆ, ಆ ತುಂಡಿನ ಮೇಲೆ ಹೆಸರನ್ನು ಉಳಿಯಂಥ ಪಂಚಿನಲ್ಲಿ ಕುಟ್ಟಿ ಎತ್ತಿಡುತ್ತಾರೆ. ಆ ಮನುಷ್ಯ ಸರಿಯಾದ ವೀಸಾದ ಮೇಲೆ ಹೊರದೇಶ ತಲುಪಿದ ಮೇಲೆ, ಹೊರಟದ್ದು ಸೋಮವಾರವೋ ಗುರುವಾರವೋ, ಆ ವಾರವನ್ನೂ ತುಂಡಿಗೆ ಕುಟ್ಟಿ ಗೋಡೆಗೆ ನೇತುಹಾಕುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ನೂರ ನಲವತ್ತಮೂರು ತುಂಡು ಗೋಡೆ ಸೇರಿವೆ. ಅಡ್ಡದಾರಿಯಲ್ಲಿ ಹೋದವರ ತುಂಡು ಅಲ್ಲಿಲ್ಲ. ಅವು ಮೂಲೆಯ ಗೋಣಿಚೀಲದಲ್ಲಿವೆ. ಎಸೆದಿಲ್ಲ, ತೂಗುಹಾಕಿಯೂ ಇಲ್ಲ.

ಮೇಸ್ತ್ರಿಯವರ ಸ್ವಂತ ತುಂಡೂ ಆ ಚೀಲದಲ್ಲೇ ಇದೆ.

ತೊಂಬತ್ತಾರನೇ ಇಸವಿ. ಆಗ ಅವರು ಕಾಗದದ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಗುತ್ತಿಗೆ ವೆಲ್ಡರ್. ಕೈಯಲ್ಲಿ ಕಸುಬಿದ್ದವನಿಗೆ ಯಾವ ಊರಾದರೂ ಅನ್ನ ಹಾಕುತ್ತದೆ ಎಂಬುದು ಅವರ ಅಪ್ಪ ಕಲಿಸಿದ ಮಾತು. ಅದನ್ನು ನಂಬಿ ಒಬ್ಬ ಏಜೆಂಟನ ಮೂಲಕ ಗಲ್ಫಿನ ಒಂದು ದೇಶಕ್ಕೆ ಹೊರಟರು. ವೀಸಾ ಅರಬ್ಬಿಯಲ್ಲಿತ್ತು. ಅದರಲ್ಲಿ ಕುರಿ ಕಾಯುವವನು ಎಂದು ಬರೆದಿತ್ತು. ಏನು ಬರೆದಿದೆ ಎಂದು ಕೇಳಿದ್ದಕ್ಕೆ, ಅದು ಗೇಟು ದಾಟುವುದಕ್ಕೆ ಮಾತ್ರ, ಒಳಗೆ ಹೋದ ಮೇಲೆ ನಿನ್ನ ಕೆಲಸವೇ ಎಂದು ಏಜೆಂಟ್ ಹೇಳಿದ್ದ. ಹಾಗೇ ಆಯಿತು. ಏಳು ತಿಂಗಳು ಪೈಪ್‌ಲೈನಿನಲ್ಲಿ ದುಡಿದರು. ಎಂಟನೇ ತಿಂಗಳು ಪೊಲೀಸರು ತಪಾಸಣೆಗೆ ಬಂದರು.

‘ಅವನು ಕಾಗದ ನೋಡ್ದ. ಆಮೇಲೆ ನನ್ನ ಕೈ ಹಿಡ್ಕೊಂಡು ತಿರುಗಿಸ್ದ. ಕೈ ತುಂಬಾ ಕಿಡಿ ಸಿಡಿದ ಕಲೆ. ಹೆಬ್ಬೆರಳಲ್ಲಿ ಉಜ್ಜಿ ನೋಡ್ದ. ಜೊತೇಲಿದ್ದ ಮಲಯಾಳಿ ಹತ್ರ ಏನೋ ಹೇಳಿ ನಕ್ಕ. ಏನಂದ ಅಂತ ಕೇಳಿದೆ. ಕುರಿ ಕಚ್ಚಿದ್ದಾ ಇದು ಅಂತ ಕೇಳ್ತಿದ್ದಾನೆ ಅಂದ.’

ಹತ್ತೊಂಬತ್ತು ದಿನ ಲಾಕಪ್ಪಿನಲ್ಲಿಟ್ಟು, ಉಟ್ಟ ಬಟ್ಟೆಯಲ್ಲಿ ವಿಮಾನ ಹತ್ತಿಸಿದರು. ಪೊಲೀಸನ ಮೇಲೆ ಮೇಸ್ತ್ರಿಗೆ ಇಂದಿಗೂ ಸಿಟ್ಟಿಲ್ಲ. ‘ಅವನ ಕೆಲಸ ಅವನು ಮಾಡ್ದ. ನನ್ನ ಕೈ ನಿಜ ಹೇಳ್ತು, ನನ್ನ ಕಾಗದ ಸುಳ್ಳು ಹೇಳ್ತು. ಸಿಕ್ಕಿಬಿದ್ದೆ’ ಅನ್ನುತ್ತಾರೆ. ದಾಕ್ಷಾಯಣಮ್ಮ ಅಷ್ಟಕ್ಕೇ ಬಿಡುವುದಿಲ್ಲ. ‘ಕಾಗದನಗರದಲ್ಲಿ ಅಷ್ಟು ವರ್ಷ ಇದ್ದು ಒಂದು ಕಾಗದ ಓದಿಸ್ಕೊಂಡು ಹೋಗ್ಲಿಲ್ಲ ಇವ್ರು’ ಎಂದು ಲೋಟ ಕೆಳಗಿಡುತ್ತಾರೆ.

ಶೆಡ್ಡಿನ ಬಾಗಿಲ ಹಿಂದೆ ಒಂದು ತಗಡಿದೆ. ಅದರ ಮೇಲೆ ಎರಡು ಅರಬ್ಬಿ ಪದಗಳ ಆಕಾರ. ಕನ್ನಡವನ್ನೇ ನಾಲ್ಕನೇ ಕ್ಲಾಸಿಗೆ ಬಿಟ್ಟ ಮನುಷ್ಯ ಅವನ್ನು ಪಂಚಿನಲ್ಲಿ ಕುಟ್ಟಿ ಮೂಡಿಸಿದ್ದಾರೆ. ಬಲಗಡೆಯಿಂದ ಒಂದು ಕೊಕ್ಕೆ, ಒಂದು ಕೋಲು, ಕೊನೆಗೆ ನೀರಲ್ಲಿ ಕೂತ ಬಾತುಕೋಳಿ: ಅದು ಕುರಿ ಕಾಯುವವನು. ತಮ್ಮ ಹಳೇ ಪಾಸ್‌ಪೋರ್ಟ್ ನೋಡಿ ಕುಟ್ಟಿದ್ದು. ಇನ್ನೊಂದು ವೆಲ್ಡರ್. ಸರಿಯಾದ ವೀಸಾದಲ್ಲಿ ಹೋದ ಮೊದಲ ಶಿಷ್ಯನ ಕಾಗದ ನೋಡಿ ಕುಟ್ಟಿದ್ದು. ಅವರಿಗೆ ಬರುವ ಅರಬ್ಬಿ ಇಷ್ಟೇ. ಇಷ್ಟರಲ್ಲೇ ಅವರು ಎಷ್ಟು ಮನೆಗಳನ್ನು ಉಳಿಸಿದ್ದಾರೋ ಲೆಕ್ಕ ಇಟ್ಟವರಿಲ್ಲ.

ರಸ್ತೆ ದಾಟಿದರೆ ಬೀರಪ್ಪನವರ ಚಹದಂಗಡಿ. ಎಂಟು ಗಂಟೆಗೆ ಎಲ್ಲರೂ ಅಲ್ಲಿ. ಯಾವುದೋ ದೇಶ ಗಡಿಗೆ ಬೇಲಿ ಹಾಕಿದ್ದು, ಇನ್ಯಾವುದೋ ದೇಶ ಕಾಗದ ಇಲ್ಲದವರನ್ನು ಕೋಳ ತೊಡಿಸಿ ವಾಪಸ್ ಕಳಿಸಿದ್ದು ಎಲ್ಲಾ ಫೋನಿನಲ್ಲಿ ಬರುತ್ತದೆ. ಕಾರ್ಖಾನೆಯಿಂದ ನಿವೃತ್ತರಾದ ಉಜ್ಜನಪ್ಪನವರದು ಒಂದೇ ವಾದ: ಅವರ ದೇಶ, ಅವರ ಬಾಗಿಲು, ಕಂಡವರೆಲ್ಲ ನಮ್ಮ ಕಾಂಪೌಂಡ್ ಹಾರಿದರೆ ನಾವು ಸುಮ್ಮನಿರುತ್ತೇವೆಯೇ? ಬೀರಪ್ಪನವರು ಪಕ್ಕದ ಎರಕದ ಶೆಡ್ಡಿನ ಕಡೆ ಕೈ ತೋರಿಸುತ್ತಾರೆ. ಅಲ್ಲಿ ಕುಲುಮೆಯ ಮುಂದೆ ಬೇಯುವವರು ನೇಪಾಳದವರು. ಅವರು ಬರದಿದ್ದರೆ ಆ ಶೆಡ್ಡಿಗೆ ಬೀಗ. ಮೇಸ್ತ್ರಿ ಚಹ ಆರಿಸಿಕೊಂಡು ಇಬ್ಬರದೂ ಕೇಳುತ್ತಾರೆ. ಒಂದು ದಿನ ಮಾತ್ರ ಹೇಳಿದರು: ‘ಬೇಲಿ ಹಾಕ್ಕೊಳ್ಳೋದು ತಪ್ಪಲ್ಲ ಮಾರಾಯ. ಆದ್ರೆ ಬೇಲಿಗೊಂದು ಗೇಟಿರ್ಬೇಕು. ಗೇಟು ಕೈ ಹಾಕಿದ್ರೆ ಸಲೀಸಾಗಿ ತೆರ್ಕೋಬೇಕು. ಗೇಟು ತುಕ್ಕು ಹಿಡಿದ್ರೆ ಜನ ಬೇಲಿ ಹಾರ್ತಾರೆ.’

ಆ ತುಕ್ಕು ಎಷ್ಟೆಂಬುದು ಜೂನ್ ತಿಂಗಳಲ್ಲಿ ಮಲ್ಲಿಕ್‌ರಿಂದ ಗೊತ್ತಾಗುತ್ತದೆ. ಗ್ರಿಲ್ಲಿನ ಕೆಲಸದ ನಡುವೆ ಬಿಡುವಾದ ದಿನ ಬಂದು ಅವರದು ಅರವತ್ತೆರಡು ಜೋಡಣೆ ಆಗಿತ್ತು. ಒಂದು ಬೆಳಿಗ್ಗೆ ಪೇಢೆಯ ಡಬ್ಬಿ ಹಿಡಿದು ಬರುತ್ತಾರೆ. ಶಿವಮೊಗ್ಗದ ಏಜೆಂಟರೊಬ್ಬರು ವೀಸಾ ಕಳಿಸಿದ್ದಾರೆ, ಹತ್ತು ದಿನದಲ್ಲಿ ಪ್ರಯಾಣ. ಮೇಸ್ತ್ರಿ ಪೇಢೆಗೆ ಕೈ ಚಾಚುವುದಿಲ್ಲ, ಫೋನಿಗೆ ಚಾಚುತ್ತಾರೆ. ಕನ್ನಡಕ ಏರಿಸಿ, ಬೆರಳಿನಿಂದ ಚಿತ್ರ ದೊಡ್ಡದು ಮಾಡಿಸಿ, ಬಲಗಡೆಯಿಂದ ನೋಡುತ್ತಾರೆ. ಕೊಕ್ಕೆ. ಕೋಲು. ಬಾತುಕೋಳಿ.

ಬಾಗಿಲ ಹಿಂದಿನ ತಗಡನ್ನು ತಂದು ಫೋನಿನ ಪಕ್ಕ ಇಡುತ್ತಾರೆ. ಮಲ್ಲಿಕ್ ಬೆಚ್ಚುವುದಿಲ್ಲ. ಅವರಿಗೆ ಮೊದಲೇ ಗೊತ್ತು. ‘ಅದು ಗೇಟಿಗೆ ಮಾತ್ರ ಮೇಸ್ತ್ರಿ. ಒಳಗೆ ಹೋದ್ಮೇಲೆ ವೆಲ್ಡಿಂಗೇ’ ಅನ್ನುತ್ತಾರೆ. ಮೂವತ್ತು ವರ್ಷದ ಹಿಂದಿನ ಮಾತು ಅಕ್ಷರ ಬದಲಾಗದೆ ವಾಪಸ್ ಬಂದಿದೆ.

ಹೋಗಬೇಡ ಎಂದು ಮೇಸ್ತ್ರಿ ಹೇಳಿದಾಗ ಮಲ್ಲಿಕ್‌ಗೆ ಸಿಟ್ಟು ಬರುತ್ತದೆ. ‘ಸೀದಾ ದಾರಿಗೆ ವರ್ಷ ಹಿಡಿಯುತ್ತೆ. ಪರೀಕ್ಷೆ, ಮೆಡಿಕಲ್ಲು, ಆ ಆಫೀಸು, ಈ ಆಫೀಸು. ಎರಡು ಹೆಣ್ಣುಮಕ್ಕಳನ್ನ ವರ್ಷ ಏನ್ ಹೇಳಿ ಕೂರಿಸ್ಲಿ? ನೀವು ಒಂದ್ಸಲ ಎಡವಿದ್ರಿ ಅಂತ ಊರೋರೆಲ್ಲ ಕುಂಟ್ಕೊಂಡು ನಡೀಬೇಕಾ?’

ಬಾಗಿಲಲ್ಲಿ ಚಹದ ಕೆಟ್ಲಿ ಹಿಡಿದು ನಿಂತಿದ್ದ ಬೀರಪ್ಪನವರು ನಡುವೆ ಬಾಯಿ ಹಾಕುತ್ತಾರೆ. ಅವರ ಅಜ್ಜ ಮುನ್ನೂರು ಕುರಿ ಸಾಕಿದವರು. ‘ಕುರಿ ಕಾಯೋದು ಅಂದ್ರೆ ಸದರ ಮಾಡ್ಕೊಂಡ್ಯಾ ಮಲ್ಲಿಕಣ್ಣ? ಅಲ್ಲಿ ಒಬ್ಬ ಪೊಲೀಸಪ್ಪ ಕುರಿ ತಂದು ಮುಂದೆ ನಿಲ್ಲಿಸಿ, ಹಲ್ಲು ನೋಡಿ ವಯಸ್ಸು ಹೇಳು ಅಂದ್ರೆ ಏನ್ ಹೇಳ್ತೀಯ? ಆಧಾರ್ ಕಾರ್ಡ್ ಕೇಳ್ತೀಯಾ?’ ಎಲ್ಲರೂ ನಗುತ್ತಾರೆ. ಮಲ್ಲಿಕ್ ನಗುವುದಿಲ್ಲ. ಪೇಢೆಯ ಡಬ್ಬಿ ಬೆಂಚಿನ ಮೇಲೆ ಬಿಟ್ಟು ಬೈಕ್ ಹತ್ತುತ್ತಾರೆ.

ಒಂಬತ್ತು ದಿನ ಮಲ್ಲಿಕ್ ಬರುವುದಿಲ್ಲ. ಮೇಸ್ತ್ರಿ ಒಂಬತ್ತು ದಿನವೂ ಅವರ ಪೈಪನ್ನು ಓರೆಯಾಗಿ ಕಟ್ಟಿಡುತ್ತಾರೆ. ಎಂಟಕ್ಕೆ ಬಿಚ್ಚಿಡುತ್ತಾರೆ. ಅಕ್ಕಿಡಬ್ಬಿಯಲ್ಲಿ ಅವರ ಪಾಲಿನ ರಾಡು ಬೆಚ್ಚಗೆ ಇರುತ್ತದೆ. ಪೇಢೆ ಇರುವೆ ಪಾಲಾಯಿತು, ಡಬ್ಬಿ ಅಲ್ಲೇ ಇತ್ತು. ಫೋನ್ ಮಾಡಿ ಎಂದು ನಾನು ಹೇಳಿದ್ದಕ್ಕೆ, ಬಲವಂತದ ಬೆಸುಗೆ ನಿಲ್ಲುವುದಿಲ್ಲ ಎಂದು ತಲೆ ಅಲ್ಲಾಡಿಸಿದರು.

ಫೋನ್ ಬಂದದ್ದು ದಾಕ್ಷಾಯಣಮ್ಮನವರಿಗೆ, ಮಲ್ಲಿಕ್‌ರ ಹೆಂಡತಿ ಸೌಂದರ್ಯ ಅವರಿಂದ. ಮೇಸ್ತ್ರಿ ಲಾಕಪ್ಪಿನಲ್ಲಿದ್ದ ಆ ಹತ್ತೊಂಬತ್ತು ದಿನ ಮನೆಯಲ್ಲಿದ್ದವರಿಗೆ ಏನಾಯಿತು ಎಂಬುದೊಂದೇ ಅವರ ಪ್ರಶ್ನೆ. ದಾಕ್ಷಾಯಣಮ್ಮ ಮೂವತ್ತು ವರ್ಷದಲ್ಲಿ ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದರು. ಯಾವ ಸುದ್ದಿಯೂ ಇಲ್ಲ. ಯಾರನ್ನು ಕೇಳಬೇಕೆಂದೂ ಗೊತ್ತಿಲ್ಲ. ಕಂಪನಿಗೆ ಫೋನ್ ಹಚ್ಚಿದರೆ ಆ ಹೆಸರಿನ ವೆಲ್ಡರ್ ನಮ್ಮಲ್ಲಿಲ್ಲ ಎಂಬ ಉತ್ತರ, ಏಕೆಂದರೆ ಕಾಗದದ ಪ್ರಕಾರ ಇರಲೇ ಇಲ್ಲ. ‘ತಾಳಿ ಬಿಚ್ಚಬೇಕೋ ಇಟ್ಕೋಬೇಕೋ ಗೊತ್ತಾಗ್ದೆ ಹತ್ತೊಂಬತ್ತು ದಿನ ಒಲೆ ಮುಂದೆ ಕೂತಿದ್ದೆ ಕಣಮ್ಮ’ ಎಂದರಂತೆ. ಮೇಸ್ತ್ರಿ ಆ ಮಾತು ಕೇಳಿದ್ದೂ ಅವತ್ತೇ, ಗೋಡೆಯ ಈಚೆಯಿಂದ. ಆ ಬೆಳಿಗ್ಗೆ ಅವರು ಯಾವ ಸದ್ದಿಗೂ ಕಿವಿ ಕೊಡಲಿಲ್ಲ.

ಹತ್ತನೇ ದಿನ, ವಿಮಾನ ಹತ್ತಬೇಕಿದ್ದ ದಿನ, ಐದು ಗಂಟೆಗೆ ಬೈಕಿನ ಸದ್ದು. ಹಿಂದೆ ಸೌಂದರ್ಯ. ಮಲ್ಲಿಕ್ ಸೀದಾ ಒಳಗೆ ಹೋಗಿ ನೆಲಕ್ಕೆ ಬೆನ್ನು ಹಚ್ಚುತ್ತಾರೆ. ಸೌಂದರ್ಯ ಹೊಸಿಲಲ್ಲೇ ನಿಂತು, ‘ತಡ ಆಗ್ಲಿ ಮೇಸ್ತ್ರಿ. ನಾನು ಫೋನ್ ಮಾಡಿ ಕೇಳಿದ್ರೆ, ಹೌದು, ಇದ್ದಾನೆ ಅಂತ ಹೇಳೋ ಜಾಗಕ್ಕೆ ಹೋಗ್ಲಿ’ ಅನ್ನುತ್ತಾರೆ. ಮೇಸ್ತ್ರಿ ಮಫ್ಲರ್ ಸರಿಸಿ ಕಣ್ಣು ಮುಚ್ಚುತ್ತಾರೆ. ಅರವತ್ತಮೂರನೇ ಜೋಡಣೆ.

ನೂರನೆಯದು ದಸರೆಯ ಹೊತ್ತಿಗೆ. ಬಗ್ಗಿಸಿದರು, ಬಾಯಿ ಬಿಡಲಿಲ್ಲ. ಚೆನ್ನೈಯಲ್ಲಿ ಪರೀಕ್ಷೆ, ಜೋಡಣೆಯ ಎಕ್ಸ್-ರೇ ತೆಗೆದರೆ ಒಂದು ಚುಕ್ಕೆ ಇಲ್ಲ. ವೀಸಾ ಬಂದಾಗ ಮೇಸ್ತ್ರಿ ತಗಡು ಪಕ್ಕಕ್ಕಿಟ್ಟು ನೋಡಿದರು. ಈ ಸಲ ಎರಡನೇ ಆಕಾರ. ಹೊರದೇಶದ ದುಡಿಮೆಗೆ ನಮ್ಮ ಸರ್ಕಾರ ಕೊಡುವ ಅನುಮತಿಯ ಮೊಹರಿಗೆ ಮತ್ತೆ ಏಳು ವಾರ. ಅಷ್ಟೂ ದಿನ ಮಲ್ಲಿಕ್ ಗ್ರಿಲ್ಲು ಮಾಡಿದರು, ಬೈದುಕೊಂಡರು, ಕಾದರು. ಗೇಟಿನ ತುಕ್ಕು ನಿಜವೇ. ಮೇಸ್ತ್ರಿ ಅದನ್ನು ಯಾವತ್ತೂ ಇಲ್ಲ ಅಂದಿಲ್ಲ.

ಮಲ್ಲಿಕ್ ಹೊರಟ ಮಾರನೇ ಬೆಳಿಗ್ಗೆ ಆರಕ್ಕೆ, ಮೇಸ್ತ್ರಿಯನ್ನು ವಾಪಸ್ ಕಳಿಸಿದ್ದ ಆ ದೇಶದಿಂದಲೇ ಫೋನ್. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಬೆರಳಚ್ಚಿನ ಮಿಷನ್ನು ಅವರ ಬೆರಳನ್ನು ಹಿಡಿಯಲಿಲ್ಲವಂತೆ. ಕಾವಿಗೆ ಬೆರಳಿನ ಗೆರೆ ಸವೆದಿವೆ. ಅಧಿಕಾರಿ ಎದ್ದು ಬಂದು ಕೈ ಹಿಡಿದು ತಿರುಗಿಸಿದರು. ಅಧಿಕಾರಿ ಕಲೆಗಳನ್ನು ನೋಡಿದರು, ಕಾಗದ ನೋಡಿದರು, ‘ವೆಲ್ಡರ್’ ಎಂದು ತಲೆಯಾಡಿಸಿ, ಒದ್ದೆ ಬಟ್ಟೆಯಿಂದ ತಾವೇ ಬೆರಳು ಒರೆಸಿ ಮತ್ತೆ ಒತ್ತಿಸಿದರು. ಹಿಡಿಯಿತು.

ಮೇಸ್ತ್ರಿ ಫೋನ್ ಕೆಳಗಿಟ್ಟು ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಳ್ಳುತ್ತಾರೆ. ನಿಮಗಿನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

‘ಆ ದೇಶಕ್ಕೆ ಹೋಗೋ ಆಸೆ ಇಲ್ಲ. ಆ ಕೌಂಟರ್ ಮುಂದೆ ಒಂದ್ಸಲ ಕೈ ಚಾಚಿ ನಿಂತ್ಕೋಬೇಕಿತ್ತು’ ಅನ್ನುತ್ತಾರೆ. ಏಳುತ್ತಾ, ‘ನಿಂತ ಹಾಗೇ ಆಯ್ತು ಬಿಡಿ’ ಅನ್ನುತ್ತಾರೆ.

ಆಮೇಲೆ ಎತ್ತಿಟ್ಟಿದ್ದ ತುಂಡನ್ನು ತೆಗೆದು, ಹೆಸರಿನ ಕೆಳಗೆ ಪಂಚು ಇಟ್ಟು ಸುತ್ತಿಗೆ ಎತ್ತುತ್ತಾರೆ. ಒಂದೊಂದೇ ಅಕ್ಷರ ಕುಟ್ಟುತ್ತಾರೆ. ಒಳಗಿನಿಂದ ದಾಕ್ಷಾಯಣಮ್ಮ ಯಾವ ವಾರ ಎಂದು ಕೇಳುತ್ತಾರೆ. ನೂರ ನಲವತ್ತನಾಲ್ಕನೇ ತುಂಡು ಗೋಡೆ ಸೇರುತ್ತದೆ.

ಮಲ್ಲಿಕ್ ಹೋದದ್ದು ಬುಧವಾರ.